ಕೈ ಗುರುತು ‘ಈ’ ಆದದ್ದು ಹೇಗೆ?

(ಮುದ್ರಣಾಲಯದವರ ಹಾಗೂ ಡಿಟಿಪಿ ಕೆಲಸಗಾರರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹ ರೂಪ)



ನಾನು ಭಾಷಣ ಮಾಡುವವನಲ್ಲ. ಪಿಯುಸಿ ಮುಗಿಸಿ ನೇರವಾಗಿ ಪ್ರೆಸ್ಸಿಗೆ ಇಳಿದವನು. ಕೈಗೆ ಮಸಿ ಹತ್ತಿದವರ ಮುಂದೆ ಮಸಿ ಹತ್ತಿದವನ ಮಾತು ಎಂದು ಕೇಳಿಸಿಕೊಳ್ಳಿ. ಕೋರೆಲ್‌ಡ್ರಾ, ಇನ್‌ಡಿಸೈನ್, ಇಲ್ಲಸ್ಟ್ರೇಟರ್ ಇವುಗಳಲ್ಲಿ ಐಕಾನ್ ಫಾಂಟುಗಳನ್ನು ಬಳಸುವುದು ಹೇಗೆ, ಅವು ಎಲ್ಲಿ ಕೈಕೊಡುತ್ತವೆ ಎಂಬುದನ್ನು ಹೇಳಬೇಕೆಂದು ಸಂಘಟಕರು ಕೇಳಿದರು. ‘ಕನ್ನಡದ ವೇದಿಕೆಯಲ್ಲಿ ಈ ಫೋನಿನ ಗುರುತು, ಕತ್ತರಿ ಗುರುತಿನ ಮಾತೇಕೆ?’ ಎಂದು ಬಾಗಿಲ ಬಳಿಯೇ ಒಬ್ಬರು ಕೇಳಿದರು. ಸ್ವಾಮಿ, ಸ್ವಲ್ಪ ತಾಳಿ. ಈ ಗುರುತುಗಳ ಗುಟ್ಟು ತಿಳಿದರೆ ನಮ್ಮ ಕಡತಗಳೊಳಗೆ ಕನ್ನಡದ ಪಾಡು ಏನಾಗಿದೆ ಎಂಬುದೂ ತಿಳಿಯುತ್ತದೆ.

ಮೊಳೆ ಜೋಡಿಸುತ್ತಿದ್ದ ಕಾಲವನ್ನು ನೆನೆಸಿಕೊಳ್ಳಿ. ಹೂವು, ನಕ್ಷತ್ರ, ಬೆರಳು ಚಾಚಿದ ಕೈ ಇವಕ್ಕೆಲ್ಲ ಕೇಸಿನಲ್ಲಿ ಅವುಗಳದೇ ಖಾನೆ ಇತ್ತು. ಕೈ ಬೇಕಾದರೆ ಕಂಪೋಸಿಟರು ಕೈಯ ಖಾನೆಗೇ ಕೈ ಹಾಕುತ್ತಿದ್ದ. ಗಣಕಯಂತ್ರದಲ್ಲಿ ಹಾಗಿರಲಿಲ್ಲ. ಆಗಿನ ಫಾಂಟಿನಲ್ಲಿ ಒಟ್ಟು 256 ಖಾನೆ. ಒಂದೊಂದರ ಮೇಲೂ ಇಂಗ್ಲಿಷ್ ಅಕ್ಷರದ್ದೋ ಯುರೋಪಿನ ಯಾವುದೋ ಭಾಷೆಯ ಅಕ್ಷರದ್ದೋ ಹೆಸರು ಮೊದಲೇ ಬರೆದಾಗಿತ್ತು. ಕೈಗೆ ಎಲ್ಲಿ ಜಾಗ ಕೊಡುವುದು? ‘ಎಫ್’ ಖಾನೆಯೊಳಗೆ ಎಫ್ ಬದಲು ಕೈಯ ಚಿತ್ರ ಇಟ್ಟುಬಿಟ್ಟರು. ಹೊರಗೆ ಹೆಸರು ಎಫ್, ಒಳಗೆ ಕೈ. ಇದೇ ಐಕಾನ್ ಫಾಂಟು.

ಈ ಉಪಾಯ ಇಂದಿನದಲ್ಲ. ಜರ್ಮನಿಯ ಹರ್ಮನ್ ತ್ಸಾಫ್ ಎಂಬ ದೊಡ್ಡ ಅಕ್ಷರಶಿಲ್ಪಿ ಬರೆದ ಗುರುತುಗಳು 1978ರಲ್ಲಿ ತ್ಸಾಫ್ ಡಿಂಗ್‌ಬ್ಯಾಟ್ಸ್ ಎಂಬ ಹೆಸರಿನಲ್ಲಿ ಬಂದವು. ಮುಂದೆ ಅವು ಪೋಸ್ಟ್‌ಸ್ಕ್ರಿಪ್ಟ್ ಲೇಸರ್ ಪ್ರಿಂಟರುಗಳ ಹೊಟ್ಟೆಯೊಳಗೇ ಸೇರಿಕೊಂಡವು. ಆಮೇಲೆ ಚಾರ್ಲ್ಸ್ ಬಿಗೆಲೋ ಮತ್ತು ಕ್ರಿಸ್ ಹೋಮ್ಸ್ ಎಂಬಿಬ್ಬರು ಬರೆದ ಗುರುತುಗಳನ್ನು ಸೇರಿಸಿ ಮೈಕ್ರೋಸಾಫ್ಟ್‌ನವರು ವಿಂಗ್‌ಡಿಂಗ್ಸ್ ಮಾಡಿದರು. 1992ರಲ್ಲಿ ವಿಂಡೋಸ್ 3.1ರ ಜೊತೆ ಅದು ನಮ್ಮೆಲ್ಲರ ಮೇಜಿಗೆ ಬಂತು. ನಮ್ಮ ಹುಡುಗರಿಗೆ ಇದು ಬಾಯಿಪಾಠ. ಎಡ ಆವರಣ ಚಿಹ್ನೆ ಒತ್ತಿದರೆ ಟೆಲಿಫೋನು, ನಕ್ಷತ್ರ ಒತ್ತಿದರೆ ಲಕೋಟೆ, ಸಣ್ಣ ‘ಎಲ್’ ಒತ್ತಿದರೆ ತುಂಬಿದ ಬೊಟ್ಟು, ದೊಡ್ಡ ‘ಜೆ’ ಒತ್ತಿದರೆ ನಗುಮುಖ. ಮೈಕ್ರೋಸಾಫ್ಟಿನ ಔಟ್‌ಲುಕ್‌ನಿಂದ ಬಂದ ಇ-ಮೇಲುಗಳ ಕೊನೆಯಲ್ಲಿ ಕಾರಣವಿಲ್ಲದೆ ಒಂಟಿ ‘ಜೆ’ ನಿಂತಿರುವುದನ್ನು ನೀವು ನೋಡಿರಬಹುದು. ಕಳಿಸಿದವರು ನಕ್ಕಿದ್ದರು, ನಮ್ಮ ಯಂತ್ರದಲ್ಲಿ ಆ ಫಾಂಟು ಹತ್ತದೆ ಇದ್ದದ್ದರಿಂದ ನಗು ಅಳಿಸಿ ಜೆ ಉಳಿಯಿತು.

ಅಷ್ಟೇ ಆದರೆ ನಗೆಯ ಮಾತು. ನಗೆಯಲ್ಲದ್ದನ್ನು ಈಗ ಹೇಳುತ್ತೇನೆ.

ಒಂದು ಸಹಕಾರ ಸಂಘದವರು ತಮ್ಮ ಹಳೆಯ ಸಭಾ ತಿಳುವಳಿಕೆ ಪತ್ರವನ್ನು ಹೊಸದಾಗಿ ಅಚ್ಚು ಮಾಡಿಸಲು ತಂದರು. ಮೂಲ ಪೇಜ್‌ಮೇಕರಿನದು, ನುಡಿ ಅಕ್ಷರದ್ದು. ಬೇರೆಲ್ಲೋ ಪರಿವರ್ತಕ ಓಡಿಸಿ ಯೂನಿಕೋಡ್ ಮಾಡಿಸಿಕೊಂಡು ಬಂದಿದ್ದರು. ಹಳೆಯ ಪತ್ರದಲ್ಲಿ ಕೈ ಗುರುತು ಹಾಕಿ, ‘ಸದಸ್ಯರು ತಪ್ಪದೆ ಬರಬೇಕು’ ಎಂದಿತ್ತು. ಹೊಸದರಲ್ಲಿ ‘ಈ ಸದಸ್ಯರು ತಪ್ಪದೆ ಬರಬೇಕು’ ಎಂದಾಗಿತ್ತು! ಅದರ ಮೇಲೆ ಒಂದು ಸಣ್ಣ ಪಟ್ಟಿಯಲ್ಲಿ ಐದಾರು ಜನರ ಹೆಸರು ಬೇರೆ ಇತ್ತು. ಓದಿದವರು ಏನೆಂದುಕೊಳ್ಳಬೇಕು? ಆ ಐದಾರು ಜನ ಮಾತ್ರ ಬಂದರೆ ಸಾಕು ಎಂದು ತಾನೆ? ಕರಡು ನೋಡುವಾಗ ಹಳೆಯ ಅಚ್ಚಿನ ಪ್ರತಿ ಪಕ್ಕದಲ್ಲಿದ್ದದ್ದರಿಂದ ಸಿಕ್ಕಿತು. ಇಲ್ಲದಿದ್ದರೆ ಯಾರ ಕಣ್ಣಿಗೆ ಬೀಳುತ್ತಿತ್ತು ಹೇಳಿ? ಕಾಗುಣಿತ ಸರಿ, ವ್ಯಾಕರಣ ಸರಿ, ವಾಕ್ಯ ಸರಿ. ಅರ್ಥ ಮಾತ್ರ ಬೇರೆ.

ಆದದ್ದು ಇಷ್ಟೆ. ಕಡತದಲ್ಲಿ ಕೈ ಎಂಬುದು ಇರಲೇ ಇಲ್ಲ, ಇದ್ದದ್ದು ‘ಎಫ್’. ವಿಂಗ್‌ಡಿಂಗ್ಸ್‌ನಲ್ಲಿ ಎಫ್ ಅಂದರೆ ಕೈ. ನುಡಿ ಫಾಂಟಿನಲ್ಲಿ ಎಫ್ ಅಂದರೆ ‘ಈ’. ಪರಿವರ್ತಕಕ್ಕೆ ಫಾಂಟಿನ ಹೆಸರು ಗೊತ್ತಾಗಲಿಲ್ಲ; ಅದು ಎಲ್ಲವನ್ನೂ ಕನ್ನಡವೆಂದೇ ಬಗೆದು ಕೈಯನ್ನು ‘ಈ’ ಮಾಡಿತು. ಅದೇ ಪತ್ರದಲ್ಲಿ ಸಾಲಿನ ಮೊದಲ ಬೊಟ್ಟುಗಳೆಲ್ಲ ‘ಟ’ ಆಗಿದ್ದವು. ಬೊಟ್ಟಿದ್ದದ್ದು ಸಣ್ಣ ‘ಎಲ್’ ಖಾನೆಯಲ್ಲಿ, ನುಡಿಯಲ್ಲಿ ಆ ಖಾನೆ ‘ಟ’ದ್ದು. ‘ಟ’ ಆದರೆ ಎದ್ದು ಕಾಣುತ್ತದೆ, ತಿದ್ದಬಹುದು. ‘ಈ’ ಆದರೆ ಮಾತಿನೊಳಗೆ ಕಲೆತುಹೋಗುತ್ತದೆ.

ಇದಕ್ಕಿಂತ ಕೆಟ್ಟದ್ದೂ ಉಂಟು. ಔಷಧದ ಚೀಟಿ, ಪ್ರಯೋಗಾಲಯದ ವರದಿ ಫಾರಂ, ಆಸ್ಪತ್ರೆಯ ಪಟ್ಟಿ ಅಚ್ಚು ಮಾಡುವವರು ಇಲ್ಲಿ ಇದ್ದೀರಿ. ಗ್ರೀಕಿನ ‘ಮ್ಯೂ’ ಅಕ್ಷರ ಮೈಕ್ರೋ ಎಂಬುದರ ಗುರುತು. ಒಂದು ಮಿಲಿಗ್ರಾಮಿನಲ್ಲಿ ಸಾವಿರ ಮೈಕ್ರೋಗ್ರಾಂ. ಥೈರಾಯ್ಡ್ ಮಾತ್ರೆಯ ಪ್ರಮಾಣವೆಲ್ಲ ಮೈಕ್ರೋಗ್ರಾಮಿನಲ್ಲೇ ಇರುವುದು. ವಿಂಡೋಸ್‌ನ ‘ಸಿಂಬಲ್’ ಫಾಂಟಿನಲ್ಲಿ ಈ ಮ್ಯೂ ಕೂತಿರುವುದು ಸಣ್ಣ ‘ಎಂ’ ಖಾನೆಯಲ್ಲಿ. ಯಾರೋ ಒಬ್ಬ ಹುಡುಗ ಇಡೀ ಪುಟವನ್ನು ಆಯ್ದು ಫಾಂಟು ಬದಲಿಸಿದ ಅಂತಿಟ್ಟುಕೊಳ್ಳಿ. ಮ್ಯೂ ಹೋಗಿ ಎಂ ಬಂತು. 50 ಮೈಕ್ರೋಗ್ರಾಂ ಎಂಬುದು 50 ಮಿಲಿಗ್ರಾಂ ಆಯಿತು. ಸಾವಿರ ಪಟ್ಟು! ಅಚ್ಚುಕಟ್ಟಾಗಿ, ತಪ್ಪಿಲ್ಲದಂತೆ, ಯಾವ ಚೌಕವೂ ಪ್ರಶ್ನೆಚಿಹ್ನೆಯೂ ಇಲ್ಲದೆ ಬದಲಾಯಿತು. ಇಂಥ ಕೆಲಸ ಬಂದಾಗ ನನ್ನ ಅಂಗಡಿಯಲ್ಲಿ ಒಂದೇ ಕಟ್ಟಪ್ಪಣೆ: ಗುರುತು ಬೇಡ, ‘ಮೈಕ್ರೋಗ್ರಾಂ’ ಎಂದು ಪೂರ್ತಿ ಕನ್ನಡದಲ್ಲಿ ಬರೆಯಿರಿ. ಜಾಗ ಹೆಚ್ಚು ಬೇಕಾದರೆ ಅಕ್ಷರ ಅರ್ಧ ಪಾಯಿಂಟು ಚಿಕ್ಕದಾಗಲಿ.

ರೂಪಾಯಿ ಗುರುತಿನ ಕಥೆಯನ್ನೂ ಹೇಳಿಬಿಡುತ್ತೇನೆ, ಅದರಲ್ಲಿ ನಮ್ಮ ಕರಾವಳಿಯ ಪಾಲಿದೆ. ಉದಯ ಕುಮಾರ್ ಅವರು ರಚಿಸಿದ ಗುರುತನ್ನು ಕೇಂದ್ರ ಸಂಪುಟ ಒಪ್ಪಿದ್ದು 2010ರ ಜುಲೈ 15ರಂದು. ಗುರುತೇನೋ ಬಂತು, ಟೈಪು ಮಾಡುವುದು ಹೇಗೆ? ಯೂನಿಕೋಡಿನಲ್ಲಿ ಅದಕ್ಕಿನ್ನೂ ಖಾನೆ ಕೊಟ್ಟಿರಲಿಲ್ಲ. ಮಂಗಳೂರಿನ ಫೊರೇಡಿಯನ್ ಸಂಸ್ಥೆಯವರು ತಡಮಾಡದೆ ಒಂದು ಫಾಂಟು ಮಾಡಿ ಉಚಿತವಾಗಿ ಹಂಚಿದರು. ಕೀಲಿಮಣೆಯಲ್ಲಿ ಟ್ಯಾಬ್ ಕೀಲಿಯ ಮೇಲೆ ಒಂದು ವಾಲುಗೆರೆ ಇದೆಯಲ್ಲ, ಯಾರೂ ಬಳಸದ್ದು, ಆ ಖಾನೆಯಲ್ಲಿ ರೂಪಾಯಿಯನ್ನು ಕೂರಿಸಿದರು. ಆ ದಿನಗಳಿಗೆ ಅದು ಜಾಣತನದ ಕೆಲಸ, ಹೆಮ್ಮೆಯ ಕೆಲಸ. ಅದೇ ವರ್ಷದ ಅಕ್ಟೋಬರಿನಲ್ಲಿ ಯೂನಿಕೋಡ್ 6.0 ಬಂದಾಗ ರೂಪಾಯಿಗೆ ಸ್ವಂತ ಖಾನೆ ಸಿಕ್ಕಿತು, ಸಂಖ್ಯೆ 20ಬಿ9. ತಾತ್ಕಾಲಿಕ ಗುಡಿಸಲು ಅಲ್ಲಿಗೆ ಸಾಕಾಗಿತ್ತು. ನಮ್ಮವರು ಬಿಡಬೇಕಲ್ಲ! ಇಂದಿಗೂ ಬಿಲ್ಲು, ದರಪಟ್ಟಿಗಳಲ್ಲಿ ಬೆಲೆಯ ಹಿಂದೆ ವಾಲುಗೆರೆ ನಿಂತಿರುತ್ತದೆ. ಫಾಂಟು ಮಾಡಿದವರದಲ್ಲ ತಪ್ಪು, ಮನೆ ಸಿಕ್ಕ ಮೇಲೂ ಗುಡಿಸಲು ಬಿಡದವರದು.

ಮನೆ, ಗುಡಿಸಲು ಅಂದೆ. ಇದನ್ನು ಜಮೀನಿನ ಲೆಕ್ಕದಲ್ಲೇ ಹೇಳುತ್ತೇನೆ, ನಮ್ಮ ಜನಕ್ಕೆ ಬೇಗ ಹತ್ತುತ್ತದೆ. ಯೂನಿಕೋಡ್ ಎಂಬುದು ಜಗತ್ತಿನ ಅಕ್ಷರಗಳ ಪಹಣಿ ಇದ್ದ ಹಾಗೆ. ಒಂದೊಂದು ಅಕ್ಷರಕ್ಕೂ ಒಂದು ಸರ್ವೆ ನಂಬರು. ಆ ನಂಬರಿನಲ್ಲಿ ಬೇರೆಯವರು ಕೂರುವ ಹಾಗಿಲ್ಲ. ಟೆಲಿಫೋನು, ಕತ್ತರಿ, ಟಿಕ್ ಗುರುತು, ಬೆರಳು ಚಾಚಿದ ಕೈ ಇವಕ್ಕೂ ಖಾತೆ ಆಗಿದೆ. ತ್ಸಾಫನ ಗುರುತುಗಳಿಗೆ 1990ರ ದಶಕದ ಮೊದಲಲ್ಲೇ ಆಯಿತು. ವಿಂಗ್‌ಡಿಂಗ್ಸ್, ವೆಬ್‌ಡಿಂಗ್ಸ್‌ನ ಉಳಿದ ಗುರುತುಗಳಿಗೆ 2014ರಲ್ಲಿ ಯೂನಿಕೋಡ್ 7.0 ಬಂದಾಗ ಆಯಿತು. ಇನ್ನು ಅದೇ ಪಹಣಿಯಲ್ಲಿ 6,400 ನಂಬರುಗಳ ಒಂದು ಗೋಮಾಳವಿದೆ, ಖಾಸಗಿ ಬಳಕೆಯ ಜಾಗ. ಯಾರು ಬೇಕಾದರೂ ಬೇಲಿ ಹಾಕಿಕೊಳ್ಳಬಹುದು, ಯಾರಿಗೂ ಖಾತೆ ಇಲ್ಲ. ಈಗಿನ ಹೊಸ ಐಕಾನ್ ಫಾಂಟುಗಳು, 2012ರಲ್ಲಿ ಬಂದ ಫಾಂಟ್ ಆಸಮ್, 2014ರಲ್ಲಿ ಗೂಗಲ್ಲಿನವರು ಬಿಟ್ಟ ಮೆಟೀರಿಯಲ್ ಐಕಾನ್ಸ್ ಇವೆಲ್ಲ ಆ ಗೋಮಾಳದಲ್ಲಿ ಬಗರ್‌ಹುಕುಂ ಉಳುಮೆ ಮಾಡುವವು. ಒಂದು ಫಾಂಟಿನಲ್ಲಿ ಫೋನು ಇರುವ ನಂಬರಿನಲ್ಲಿ ಇನ್ನೊಂದರಲ್ಲಿ ಮತ್ತೇನೋ ಇರಬಹುದು, ಜಗಳ ಮಾಡುವ ಹಾಗಿಲ್ಲ. ಮೂರನೆಯ ಬಗೆ ಹಳೆಯ ವಿಂಗ್‌ಡಿಂಗ್ಸ್‌ನದು, ಬೇರೆಯವರ ಮನೆಯೊಳಗೆ ಅವರ ಹೆಸರಿನಲ್ಲೇ ಇರುವುದು.

ಇಷ್ಟು ತಿಳಿದರೆ ಬಳಸುವ ದಾರಿ ತಾನಾಗಿ ಕಾಣುತ್ತದೆ. ಒಂದು ಗುರುತು ಬೇಕಾಯಿತು ಅನ್ನಿ. ಅದಕ್ಕೆ ಸ್ವಂತ ಖಾತೆ ಇದೆಯೇ ಎಂದು ಮೊದಲು ನೋಡಿ. ಇದ್ದರೆ ಅದನ್ನೇ ಹಾಕಿ. ಮೈಕ್ರೋಸಾಫ್ಟ್ ವರ್ಡಿನಲ್ಲಿ 2713 ಎಂದು ಟೈಪು ಮಾಡಿ ಆಲ್ಟ್ ಹಿಡಿದು ಎಕ್ಸ್ ಒತ್ತಿದರೆ ಟಿಕ್ ಬರುತ್ತದೆ, 20ಬಿ9ಕ್ಕೆ ರೂಪಾಯಿ, 260ಇಗೆ ಟೆಲಿಫೋನು. ಅಲ್ಲಿಂದ ನಿಮ್ಮ ವಿನ್ಯಾಸಕ್ಕೆ ನಕಲು ಮಾಡಿಕೊಳ್ಳಿ. ವಿಂಡೋಸ್‌ನ ಸೆಗೋ ಯುಐ ಸಿಂಬಲ್‌ನಲ್ಲೋ ಉಚಿತವಾದ ನೋಟೋ ಸಿಂಬಲ್ಸ್‌ನಲ್ಲೋ ಈ ಗುರುತುಗಳು ಸಿಗುತ್ತವೆ. ಮುಂದೆ ಫಾಂಟು ಬದಲಾದರೆ ಟಿಕ್ಕಿನ ಆಕಾರ ಬದಲಾದೀತು, ಇಲ್ಲ ಖಾಲಿ ಚೌಕ ಬಂದೀತು. ಟಿಕ್ಕು ಹೋಗಿ ಬೇರೆ ಅಕ್ಷರ ಬರುವುದಿಲ್ಲ. ಖಾಲಿ ಚೌಕ ಬಂದರೆ ಒಳ್ಳೆಯದೇ. ಅದು ‘ಇಲ್ಲೇನೋ ಕಾಣೆಯಾಗಿದೆ’ ಎಂದು ಕೂಗಿ ಹೇಳುತ್ತದೆ. ‘ಈ’ ಆದ ಕೈ ಕೂಗುವುದಿಲ್ಲ.

ವಾಟ್ಸಾಪು, ಫೇಸ್‌ಬುಕ್ಕಿನಂಥ ಕಂಪನಿ ಗುರುತುಗಳಿಗೆ ಖಾತೆ ಇಲ್ಲ, ಕೊಡುವುದೂ ಇಲ್ಲ. ವಿಸಿಟಿಂಗ್ ಕಾರ್ಡು ಮಾಡಿಸುವವರು ಬಿಡುವುದಿಲ್ಲ. ಅಲ್ಲಿ ಫಾಂಟ್ ಆಸಮ್ ಬೇಕಾಗುತ್ತದೆ. ಅದರ ಉಚಿತ ಕಂತೆಯಲ್ಲಿ ಗಣಕಯಂತ್ರಕ್ಕೆ ಹಾಕಿಕೊಳ್ಳುವ ಓಟಿಎಫ್ ಕಡತಗಳು ಮೂರು: ಸಾಲಿಡ್, ರೆಗ್ಯುಲರ್, ಬ್ರ್ಯಾಂಡ್ಸ್. ‘ಅಣ್ಣಾ, ಹಾಕಿದೆ, ಬರೀ ಡಬ್ಬಿ ಬರ್ತಿದೆ’ ಎಂದು ಫೋನು ಮಾಡುವವರ ಕಾಯಿಲೆ ಬಹುಪಾಲು ಇದೇ: ವಾಟ್ಸಾಪು ಇರುವುದು ಬ್ರ್ಯಾಂಡ್ಸ್‌ನಲ್ಲಿ, ಇವರು ಆಯ್ದಿರುವುದು ಸಾಲಿಡ್. ಗುರುತನ್ನು ಆರಿಸಲು ಇನ್‌ಡಿಸೈನ್, ಇಲ್ಲಸ್ಟ್ರೇಟರ್‌ಗಳಲ್ಲಿ ಗ್ಲಿಫ್ಸ್ ಫಲಕವಿದೆ. ಕೋರೆಲ್‌ಡ್ರಾದಲ್ಲಿ ಕಂಟ್ರೋಲ್ ಹಿಡಿದು ಎಫ್11 ಒತ್ತಿದರೆ ಅಕ್ಷರ ಸೇರಿಸುವ ಫಲಕ ತೆರೆಯುತ್ತದೆ. ಅಲ್ಲಿಂದ ಕಣ್ಣಿನಿಂದ ನೋಡಿ ಆರಿಸಿ. ಇನ್ನೊಂದು ಎಚ್ಚರ. ಕಂಪನಿಗಳು ಗುರುತು ಬದಲಿಸಿದರೂ ನಮ್ಮ ಹಳೆಯ ಫಾಂಟು ಬದಲಾಗುವುದಿಲ್ಲ. ಟ್ವಿಟರ್ 2023ರ ಜುಲೈಯಲ್ಲಿ ಹಕ್ಕಿ ಬಿಟ್ಟು ಎಕ್ಸ್ ಆಯಿತು. ನಮ್ಮ ಕಾರ್ಡುಗಳ ಮೇಲೆ ಹಕ್ಕಿ ಇನ್ನೂ ಹಾರುತ್ತಿದೆ.

ಐಕಾನ್ ಹಾಕಿದ ಮೇಲೆ ಅದಕ್ಕೆ ಒಂದು ಕ್ಯಾರೆಕ್ಟರ್ ಸ್ಟೈಲ್ ಮಾಡಿಡಿ. ನೂರು ಕಡೆ ಫೋನಿನ ಗುರುತಿದ್ದರೆ ನೂರಕ್ಕೂ ಅದೇ ಸ್ಟೈಲು. ಇಲ್ಲದಿದ್ದರೆ ಕಂಟ್ರೋಲ್-ಎ ಒತ್ತಿ ಫಾಂಟು ಬದಲಿಸುವ ಅವಸರದವನ ಕೈಯಲ್ಲಿ ಎಲ್ಲವೂ ಹೋಗುತ್ತವೆ. ನಮ್ಮ ಕಸುಬಿನಲ್ಲಿ ಅತಿ ಹೆಚ್ಚು ಅನಾಹುತ ಮಾಡಿರುವ ಕೀಲಿ ಅದೇ ಎಂದು ನನ್ನ ಅಭಿಪ್ರಾಯ.

ಕಡತ ನಿಮ್ಮ ಅಂಗಡಿ ಬಿಟ್ಟು ಪ್ಲೇಟು ಮಾಡುವವರ ಕಡೆ ಹೋಗುವ ಮುನ್ನ ಐಕಾನುಗಳನ್ನು ಕರ್ವ್ ಮಾಡಿ. ಕೋರೆಲ್‌ಡ್ರಾದಲ್ಲಿ ಕಂಟ್ರೋಲ್-ಕ್ಯೂ, ಇನ್‌ಡಿಸೈನ್, ಇಲ್ಲಸ್ಟ್ರೇಟರ್‌ಗಳಲ್ಲಿ ಕಂಟ್ರೋಲ್, ಶಿಫ್ಟ್ ಹಿಡಿದು ‘ಓ’. ಅಲ್ಲಿಗೆ ಅದು ಅಕ್ಷರವಲ್ಲ, ಬರಿಯ ಗೆರೆ. ಯಾವ ಫಾಂಟಿನ ಹಂಗೂ ಇಲ್ಲ. ಕರ್ವ್ ಮಾಡದ ಒಂದು ಪ್ರತಿಯನ್ನು ನಿಮ್ಮಲ್ಲಿ ಇಟ್ಟುಕೊಳ್ಳಿ ಎಂದು ನಾನು ಹೇಳಬೇಕಾಗಿಲ್ಲ. ಫಾಂಟು ಒಳಗೂಡಿಸಿದ ಪಿಡಿಎಫ್ ಕಳಿಸಿದರೂ ಅಚ್ಚು ಸರಿಯಾಗಿಯೇ ಬರುತ್ತದೆ. ತೆರೆದ ಕಡತವನ್ನೇ ಕಳಿಸಬೇಕಾದರೆ ಇನ್‌ಡಿಸೈನಿನ ‘ಪ್ಯಾಕೇಜ್’ ಬಳಸಿ, ಫಾಂಟುಗಳೂ ಜೊತೆಗೆ ಹೋಗುತ್ತವೆ. ಫಾಂಟು ಕಳಿಸದೆ, ಕರ್ವ್ ಮಾಡದೆ, ಅಚ್ಚು ಕೆಟ್ಟ ಮೇಲೆ ಪ್ರೆಸ್ಸಿನವರನ್ನು ಬಯ್ಯುವವರೂ ಇದ್ದಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಅಂದದ ಮಾತು ಒಂದೇ ಒಂದು. ಈ ಐಕಾನುಗಳನ್ನೆಲ್ಲ ಇಂಗ್ಲಿಷ್ ದೊಡ್ಡಕ್ಷರದ ಎತ್ತರಕ್ಕೆ ಅಳೆದು ಮಾಡಿರುತ್ತಾರೆ. ಕನ್ನಡದ ಸಾಲು ದುಂಡಗೆ, ಒತ್ತಕ್ಷರ ಕೆಳಗಿಳಿಯುತ್ತದೆ. ಅದೇ ಅಳತೆಯಲ್ಲಿ ಪಕ್ಕಕ್ಕಿಟ್ಟರೆ ಫೋನು ಮೇಲೆ ತೇಲಿದ ಹಾಗೆ ಕಾಣುತ್ತದೆ. ಬೇಸ್‌ಲೈನ್ ಶಿಫ್ಟಿನಲ್ಲಿ ಕೂದಲೆಳೆಯಷ್ಟು ಕೆಳಗಿಳಿಸಿ, ಅಳತೆ ಒಂದಿಷ್ಟು ತಗ್ಗಿಸಿ. ಎಷ್ಟು ಎಂದು ಕೇಳಬೇಡಿ. ಫಾಂಟಿನಿಂದ ಫಾಂಟಿಗೆ ಬೇರೆ. ಕಣ್ಣೇ ಅಳತೆಗೋಲು.

ಈಗ ಬಾಗಿಲ ಬಳಿ ಕೇಳಿದವರ ಪ್ರಶ್ನೆಗೆ ಬರುತ್ತೇನೆ.

ಬಂಧುಗಳೇ, ನಿಮ್ಮ ಪೇಜ್‌ಮೇಕರಿನಲ್ಲಿ ನುಡಿ ಅಕ್ಷರದಲ್ಲಿ ‘ಕನ್ನಡ’ ಎಂದು ಟೈಪು ಮಾಡಿ. ಆಯ್ದು, ಫಾಂಟನ್ನು ಏರಿಯಲ್ ಎಂದು ಬದಲಿಸಿ. ಏನು ಕಾಣುತ್ತದೆ? ಒಂದು ದೊಡ್ಡ ‘ಪಿ’, ನೆತ್ತಿಯ ಮೇಲೆ ಗೀಟಿರುವ ‘ಎ’, ಇಂಗ್ಲೆಂಡಿನ ಪೌಂಡಿನ ಗುರುತು, ಮತ್ತೆ ಗೀಟಿನ ‘ಎ’, ಜರ್ಮನ್ ಭಾಷೆಯ ಒಂದಕ್ಷರ, ಸಣ್ಣ ‘ಕ್ಯೂ’, ಮತ್ತೊಮ್ಮೆ ಗೀಟಿನ ‘ಎ’. ಏಳು ತುಂಡು. ಕಡತದೊಳಗೆ ಇರುವುದು ಇದೇ. ನಮ್ಮ ‘ನ’ ಇಂಗ್ಲೆಂಡಿನ ದುಡ್ಡಿನ ಗುರುತಿನ ಮೇಲೆ ಕೂತಿದೆ! ವಿಂಗ್‌ಡಿಂಗ್ಸ್‌ನಲ್ಲಿ ಎಫ್ ಮೇಲೆ ಕೈ ಕೂತ ಹಾಗೆಯೇ, ಕೂದಲೆಳೆಯ ವ್ಯತ್ಯಾಸವೂ ಇಲ್ಲ. ‘ಮನೆ’ ಎಂದು ಬರೆದರೆ ಇನ್ನೂ ವಿಚಿತ್ರ. ಆ ಕಡತದಲ್ಲಿ ‘ಮ’ ಎಂಬ ಅಕ್ಷರವೇ ಇಲ್ಲ. ‘ವ’ದ ಒಡಲು, ತಲೆಕಟ್ಟು, ಕೊಂಬು ಮೂರು ತುಂಡು ಸೇರಿಸಿ ಮ ಮಾಡಿದ್ದಾರೆ. ಅಂದರೆ ನಾವು ಇಷ್ಟು ವರ್ಷ ಕನ್ನಡ ಟೈಪು ಮಾಡಿದ್ದೇವೆ ಎಂದುಕೊಂಡದ್ದೆಲ್ಲ ಏನು? ಐಕಾನ್ ಫಾಂಟಿನಲ್ಲಿ ಕನ್ನಡದ ಚಿತ್ರ ಬಿಡಿಸಿದ್ದೇವೆ. ಕಡತಕ್ಕೆ ಕನ್ನಡ ಗೊತ್ತೇ ಇಲ್ಲ.

ಇದನ್ನು ಮಾಡಿದ ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ. ಗಣಕದಲ್ಲಿ ಕನ್ನಡಕ್ಕೆ ಬೇರೆ ದಾರಿ ಇಲ್ಲದಿದ್ದಾಗ ಇದ್ದ ಖಾನೆಗಳಲ್ಲೇ ನಮ್ಮ ಲಿಪಿಯನ್ನು ಹೊಂದಿಸಿ ತೋರಿಸಿದರು. ಕೆ.ಪಿ. ರಾವ್ ಅವರ ಕೀಲಿಮಣೆ ಜೋಡಣೆ, 1998ರಲ್ಲಿ ಬಂದ ಬರಹ, ಕನ್ನಡ ಗಣಕ ಪರಿಷತ್ತಿನವರ ನುಡಿ ಇವು ಇಲ್ಲದಿದ್ದರೆ ನನ್ನಂಥವನು ಡಿಟಿಪಿ ಮಾಡಿ ಅನ್ನ ತಿನ್ನುತ್ತಿರಲಿಲ್ಲ. ಒಂದು ಕಾಲದಲ್ಲಿ ಒಂದು ಕಂಪನಿಯ ಫಾಂಟಿನಲ್ಲಿ ಮಾಡಿದ ಕಡತ ಇನ್ನೊಂದರಲ್ಲಿ ಓದಲಾಗದ ಪರಿಸ್ಥಿತಿ ಇತ್ತು. ನುಡಿ, ಬರಹಗಳು ಒಂದೇ ಜೋಡಣೆಗೆ ಬಂದದ್ದೇ ದೊಡ್ಡ ಉಪಕಾರ. ನನ್ನ ಸಿಟ್ಟು ನಮ್ಮ ಮೇಲೆ, ಇವತ್ತಿನವರ ಮೇಲೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 128 ನಿವೇಶನಗಳ ಸ್ವಂತ ಬಡಾವಣೆ ಆಗಿದ್ದು 1991ರಲ್ಲೇ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಯೂನಿಕೋಡ್ ಫಾಂಟು ಜೊತೆಗೇ ಬಂತು. ಅಲ್ಲಿ ‘ಕನ್ನಡ’ ಅಂದರೆ ಐದೇ ಸಂಖ್ಯೆ: ಕ, ನ, ವಿರಾಮ, ನ, ಡ. ಒಂದೊಂದೂ ಕನ್ನಡದ್ದೇ. ಮನೆ ಕಟ್ಟಿ ಬೀಗದ ಕೈ ಕೊಟ್ಟ ಮೇಲೂ ನಾವು ಬಾಡಿಗೆ ಖಾನೆ ಬಿಟ್ಟಿಲ್ಲ.

‘ಅಚ್ಚು ಚೆನ್ನಾಗಿ ಬರುತ್ತದಲ್ಲ, ಇನ್ನೇನು ಬೇಕು?’ ಎನ್ನುತ್ತಾರೆ. ಕಾಗದದ ಮೇಲೆ ಚೆನ್ನಾಗಿಯೇ ಬರುತ್ತದೆ, ಒಪ್ಪಿದೆ. ಆದರೆ ಈಗ ನಮ್ಮ ಕೆಲಸ ಕಾಗದದಲ್ಲಿ ಮುಗಿಯುವುದಿಲ್ಲ. ಅದೇ ಪುಸ್ತಕದ ಪಿಡಿಎಫ್ ಗ್ರಂಥಾಲಯಕ್ಕೆ ಹೋಗುತ್ತದೆ, ಫೋನಿಗೆ ಹೋಗುತ್ತದೆ. ಆ ಪಿಡಿಎಫಿನಲ್ಲಿ ‘ಕಾವೇರಿ’ ಎಂದು ಹುಡುಕಿ ನೋಡಿ, ಸಿಗುವುದಿಲ್ಲ. ಪುಟ ಪುಟದಲ್ಲೂ ಕಾವೇರಿ ಇದ್ದರೂ ಸಿಗುವುದಿಲ್ಲ. ಕಣ್ಣು ಕಾಣದವರು ಗಣಕಯಂತ್ರದಿಂದ ಓದಿಸಿಕೊಂಡು ಕೇಳುತ್ತಾರೆ, ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಕನ್ನಡವನ್ನೂ ಓದಿ ಹೇಳುತ್ತದೆ. ನಮ್ಮ ನುಡಿ ಕಡತ ಕೊಟ್ಟರೆ ಏನು ಕೇಳಿಸುತ್ತದೆ? ಇಂಗ್ಲಿಷ್ ಅಕ್ಷರಗಳ ತೌಡು. ಅಂಧ ವಿದ್ಯಾರ್ಥಿಯೊಬ್ಬ ‘ಅಣ್ಣಾ, ನೀವು ಅಚ್ಚು ಹಾಕಿದ ನೋಟ್ಸಿನ ಕಡತ ಕೊಡಿ, ಕೇಳಿಕೊಂಡು ಓದುತ್ತೇನೆ’ ಎಂದು ಬಂದರೆ ಕೊಟ್ಟೂ ಕೊಡದ ಹಾಗೆ. ಕನ್ನಡದ ಹೆಸರಿನಲ್ಲಿ ಕನ್ನಡದ ಮಕ್ಕಳಿಗೇ ಬಾಗಿಲು ಹಾಕಿದ ಹಾಗಲ್ಲವೇ? ಬೋರ್ಡಿನಲ್ಲಿ ಕನ್ನಡ ದೊಡ್ಡದಿರಬೇಕು ಎಂದು ಬೀದಿಗಿಳಿಯುವವರು ನಾವು. ಕಡತದೊಳಗೂ ಕನ್ನಡ ಕನ್ನಡವಾಗಿರಬೇಕು ಎಂದು ಯಾರು ಕೇಳಬೇಕು?

ಪೇಜ್‌ಮೇಕರಿಗೆ ಯೂನಿಕೋಡ್ ಬಾರದು, ಇನ್ನು ಬರುವುದೂ ಇಲ್ಲ. ಅದರ ಕೊನೆಯ ಆವೃತ್ತಿ 7, 2001ರದು. ಇನ್‌ಡಿಸೈನಿನಲ್ಲಿ 2012ರ ಸಿಎಸ್6ರಿಂದೀಚೆಗೆ ಕನ್ನಡ ಕೂಡುತ್ತದೆ. ‘ಕೂಡುವುದಿಲ್ಲ, ಒತ್ತು ಕಿತ್ತುಹೋಗುತ್ತದೆ’ ಎನ್ನುವವರು ಪ್ಯಾರಾಗ್ರಾಫ್ ಫಲಕದ ಮೂಲೆಯ ಪಟ್ಟಿಯಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆಯ್ದಿರುವುದಿಲ್ಲ. ದುಡ್ಡು ಕೊಡಲಾಗದವರಿಗೆ ಸ್ಕ್ರೈಬಸ್ ಇದೆ, ಉಚಿತ. 2024ರ ಮೊದಲಲ್ಲಿ ಬಂದ 1.6 ಆವೃತ್ತಿಯಿಂದ ನಮ್ಮಂಥ ಲಿಪಿಗಳನ್ನು ಸರಿಯಾಗಿ ಕೂಡಿಸುತ್ತದೆ. ಫಾಂಟು ಕಡಿಮೆ ಎಂಬುದು ಹಿಂದೆ ನಿಜವಿತ್ತು. ಈಗ ನೋಟೋ, ಬಾಲೂ ತಮ್ಮ, ಅನೇಕ್, ತಿರೋ ಕನ್ನಡ ಎಲ್ಲವೂ ಉಚಿತವಾಗಿಯೇ ಸಿಗುತ್ತವೆ. ಮದುವೆ ಕಾರ್ಡಿನ ಬಳುಕುವ ಅಕ್ಷರಗಳಿಗೆ ಮಾತ್ರ ಇನ್ನೂ ಬರಗಾಲವಿದೆ, ಸುಳ್ಳು ಹೇಳುವುದಿಲ್ಲ. ಅಂಥ ಒಂದು ಸಾಲಿಗೆ ಹಳೆಯ ಫಾಂಟನ್ನೇ ಬಳಸಿ ಕರ್ವ್ ಮಾಡಿ. ಅದು ಚಿತ್ರವೆಂದೇ ಲೆಕ್ಕ. ಪುಸ್ತಕದ ಒಡಲಿಗೆ ಬೇಡ.

ಇನ್ನೊಂದು ಬರಗಾಲ ಹೇಳುತ್ತೇನೆ. ವೃತ್ತದೊಳಗಿನ ಅಂಕಿಗಳು ಡಿಂಗ್‌ಬ್ಯಾಟ್ಸ್‌ನಲ್ಲಿ ಎಷ್ಟು ಬೇಕಾದರೂ ಇವೆ, ಆದರೆ ಎಲ್ಲ ಇಂಗ್ಲಿಷಿನವು. ವೃತ್ತದೊಳಗೆ ೧, ೨, ೩ ಬೇಕೇ? ಇಲ್ಲ. ಕಳಶ, ತೋರಣ, ಗಂಡಭೇರುಂಡ ಬೇಕಾದರೆ ಎಲ್ಲಿಂದಲೋ ಕದ್ದ ಚಿತ್ರ. ಫಾಂಟ್‌ಫೋರ್ಜ್ ಎಂಬ ಉಚಿತ ತಂತ್ರಾಂಶದಲ್ಲಿ ನಾವೇ ಬರೆದುಕೊಳ್ಳಬಹುದು. ಕೋರೆಲ್‌ನಲ್ಲಿ ಗೆರೆ ಎಳೆಯಬಲ್ಲ ಹುಡುಗರಿಗೆ ಕಷ್ಟವಲ್ಲ. ಹಾಗೆ ಮಾಡುವಾಗ ಇಂಗ್ಲಿಷ್ ಅಕ್ಷರದ ಖಾನೆಗೂ ಕನ್ನಡದ ಖಾನೆಗೂ ಕೈ ಹಾಕಬೇಡಿ. ಗೋಮಾಳದಲ್ಲಿ ಇಡಿ, ಯಾವ ನಂಬರಿನಲ್ಲಿ ಏನಿದೆ ಎಂದು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ.

ಹಳೆಯ ಕಡತ ಪರಿವರ್ತಿಸುವವರಿಗೆ ಕೆಲಸದ ಕ್ರಮ ಹೇಳಿ ಮುಗಿಸುತ್ತೇನೆ. ನುಡಿಯಲ್ಲೂ ಬರಹದಲ್ಲೂ ಪರಿವರ್ತಕವಿದೆ. ಅದನ್ನು ಓಡಿಸುವ ಮೊದಲು ಮೂಲ ಕಡತದಲ್ಲಿ ವಿಂಗ್‌ಡಿಂಗ್ಸ್, ಸಿಂಬಲ್ ಎಲ್ಲೆಲ್ಲಿವೆ ಎಂದು ಫಾಂಟಿನ ಹೆಸರಿನಿಂದ ಹುಡುಕಿ. ಪ್ರತಿಯೊಂದನ್ನೂ ತೆಗೆದು ಆ ಜಾಗದಲ್ಲಿ ದೊಡ್ಡ ಆವರಣದೊಳಗೆ ಒಂದು ಅಂಕಿ ಹಾಕಿ, ಕೈಗೆ 1, ಫೋನಿಗೆ 2 ಹೀಗೆ. ಮಧ್ಯೆ ಇರುವ ಇಂಗ್ಲಿಷ್ ಮಾತುಗಳನ್ನೂ ಬೇರೆ ತೆಗೆದಿಡಿ. ಇಲ್ಲದಿದ್ದರೆ ಪರಿವರ್ತಕ ಅವನ್ನೂ ಅರ್ಥವಿಲ್ಲದ ಕನ್ನಡ ಮಾಡುತ್ತದೆ, ಅದಕ್ಕೆ ಎರಡೂ ಒಂದೇ ಖಾನೆ. ಆಮೇಲೆ ಪರಿವರ್ತಿಸಿ. ಅಂಕಿ ಇದ್ದಲ್ಲಿ ಖಾತೆಯುಳ್ಳ ಗುರುತು ಹಾಕಿ. ಅರ್ಕಾವೊತ್ತುಗಳನ್ನು ಪ್ರತ್ಯೇಕವಾಗಿ ಒಂದು ಸುತ್ತು ನೋಡಿ. ಕೊನೆಗೆ ಹಳೆಯ ಅಚ್ಚಿನ ಪ್ರತಿ ಪಕ್ಕದಲ್ಲಿಟ್ಟು, ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಹೊಸದನ್ನು ನೋಡುತ್ತಾ ಹೋಗಬೇಕು. ‘ಈ’ ಎಂದು ಕೇಳಿದ ಕಡೆಯೆಲ್ಲ ನಿಲ್ಲಿಸಿ, ಹಳೆಯದರಲ್ಲಿ ಅಲ್ಲಿ ಅಕ್ಷರವಿದೆಯೋ ಕೈ ಇದೆಯೋ ನೋಡಿ. ಎಂಟು ಪುಟಕ್ಕೆ ಅರ್ಧ ದಿನ ಹಿಡಿಯುತ್ತದೆ. ಆ ಅರ್ಧ ದಿನದ ಕೂಲಿಯನ್ನು ಬಿಲ್ಲಿನಲ್ಲಿ ಬೇರೆಯಾಗಿಯೇ ಹಾಕಿ.